ಕಿಟಕಿಯಾಚೆಯ ಕಲ್ಲುತೊಟ್ಟಿ

ಆ ಬೀದಿಯಲ್ಲಿ ಮೂವತ್ತೆರಡು ಮನೆಗಳು. ವರ್ಷದ ಕೊನೆಯ ರಜೆ ಹತ್ತಿರವಾಯಿತೆಂದರೆ ಎಲ್ಲರೂ ಬಾಗಿಲಿಗೆ ಏನಾದರೊಂದು ಕಟ್ಟುವವರೇ. ಆದರೆ ಸಂಜೆ ಗಾಳಿಗೆಂದು ಹೊರಟವರು ಕಾಲು ತಡೆದು ನಿಲ್ಲುತ್ತಿದ್ದದ್ದು ಮಾಲಿಯ ಮನೆಯ ಮುಂದೆ. ಅವನ ಕಿಟಕಿಯಿಂದ ಎರಡು ಹೆಜ್ಜೆ ಆಚೆ, ಯಾವ ಕಾಲದಲ್ಲೋ ದನಗಳು ನೀರು ಕುಡಿಯಲೆಂದು ಕೊರೆಸಿದ್ದ ಕಲ್ಲಿನ ತೊಟ್ಟಿಯೊಂದಿತ್ತು. ಬೇಸಿಗೆಯಲ್ಲಿ ಅದರ ತುಂಬ ಹೂವು. ಚಳಿ ಬಿದ್ದು ಹೂವೆಲ್ಲ ಕರಟಿದ ಮೇಲೆ ಅವನು ಒಂದು ಭಾನುವಾರ ಬೆಳಿಗ್ಗೆಯೇ ಕೂತು, ಪೈನ್ ಕೊಂಬೆ, ಎಲೆಯುದುರಿದ ಕೆಂಪು ಕಡ್ಡಿ, ಒಣಗಿದ ಬೀಜದ ಗೊಂಚಲು, ಇಷ್ಟನ್ನೇ ಇಟ್ಟುಕೊಂಡು ಆ ತೊಟ್ಟಿಯಲ್ಲೊಂದು ಪುಟ್ಟ ಕಾಡನ್ನು ನಿಲ್ಲಿಸಿಬಿಡುತ್ತಿದ್ದ. ಮಣ್ಣು ಹೆಪ್ಪುಗಟ್ಟುವ ಮೊದಲೇ ಚುಚ್ಚಿ ನೀರು ಹುಯ್ದರೆ ಆಯಿತು, ಚಳಿ ಮಿಕ್ಕ ಕೆಲಸ ಮಾಡುತ್ತಿತ್ತು. ಮಣ್ಣು ಕೊಂಬೆಯನ್ನು ಕಚ್ಚಿ ಹಿಡಿದರೆ ಮತ್ತೆ ಬೇಸಿಗೆಯವರೆಗೆ ಅಲುಗುವ ಮಾತಿಲ್ಲ.

ಈ ವರ್ಷ ಮಾಲಿ ಹಾಸಿಗೆಯಲ್ಲಿದ್ದ. ತಾನು ಕೆಲಸ ಮಾಡುವ ಉದ್ಯಾನದ ದೊಡ್ಡ ಮರದಿಂದ ಒಣಕೊಂಬೆ ಇಳಿಸುವಾಗ ಏಣಿ ಜಾರಿ, ಬೆನ್ನಡಿಯಾಗಿ ಬಿದ್ದವನನ್ನು ಆಸ್ಪತ್ರೆಯವರು ಇಪ್ಪತ್ತು ದಿನ ಇಟ್ಟುಕೊಂಡು ಮನೆಗೆ ಕಳಿಸಿದ್ದರು. ಕಳಿಸುವ ದಿನ ಡಾಕ್ಟರು ಅವನ ಹೆಂಡತಿಯನ್ನು, ಎಂದರೆ ಆ ಮನೆಯ ಸೊಸೆಯನ್ನು, ಪಕ್ಕಕ್ಕೆ ಕರೆದರು.

“ಮೂಳೆ ಕೂಡಿಕೊಂಡಿದೆಯಮ್ಮ. ಇನ್ನು ಅವರೇ ಎದ್ದು ಕೂರೋದು ಕಲೀಬೇಕು. ಮೊದಲು ತಲೆ ಎತ್ತಲಿ, ಆಮೇಲೆ ಮೊಣಕೈ ಊರಲಿ, ಆಮೇಲೆ ಪೂರ್ತಿ. ಹಾಗೇ ಮಲಗಿಬಿಟ್ರೆ ಸೊಂಟ ಬಿಗಿದುಹೋಗುತ್ತೆ, ಎದೇಲಿ ಕಫ ಕಟ್ಟುತ್ತೆ. ಅಂಥವರು ಮುಂದಿನ ಬೇಸಿಗೆ ನೋಡೋದು ಕಷ್ಟ.”

“ಎಷ್ಟು ದಿನ ಇದೆ ಡಾಕ್ಟ್ರೇ?”

“ರಜೆ ಶುರುವಾಗೋದರೊಳಗೆ ಕೂತಿರಬೇಕು. ಐದು ವಾರ ಅಂತ ಇಟ್ಕೊಳ್ಳಿ.”

ಐದು ವಾರದಲ್ಲಿ ಮೊದಲನೆಯದು ಹಾಗೇ ಹೋಯಿತು. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕಕ್ಕೆ ಮಂಚ ಹಾಕಿದ್ದರು. ಮಾಲಿ ಅದರ ಮೇಲೆ ಕಡಿದು ಹಾಕಿದ ಮರದ ಹಾಗೆ ಬಿದ್ದಿರುತ್ತಿದ್ದ. ಸೊಸೆ ಬೆಳಿಗ್ಗೆ ಆರಕ್ಕೆ ಎದ್ದು ಅವನ ಮೈ ಒರೆಸಿ, ಹೊರಳಿಸಿ, ಬಟ್ಟೆ ಬದಲಿಸಿ ಕೆಲಸಕ್ಕೆ ಓಡುತ್ತಿದ್ದಳು. ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ ಅವಳ ಕೆಲಸ. ದಿನಕ್ಕೆ ಮುನ್ನೂರು ಹಾಸು. ಮೂರು ಗಂಟೆಗೆ ಮರಳಿದರೆ ಅತ್ತೆ ಬಾಗಿಲಲ್ಲೇ ವರದಿ ಒಪ್ಪಿಸುತ್ತಿದ್ದಳು.

“ಎರಡು ಚಮಚ ಗಂಜಿ. ಮೂರನೆಯದಕ್ಕೆ ಬಾಯಿ ಮುಚ್ಚಿದ.”

“ತಲೆ ಎತ್ತಿದ್ರಾ?”

“ಎತ್ತು ಮಗನೇ ಅಂದೆ. ಆಗಲ್ಲ ಅಂದ. ಮತ್ತೆ ಅಂದೆ. ಮತ್ತೆ ಆಗಲ್ಲ ಅಂದ. ಇವತ್ತಿಗೆ ಅಷ್ಟೇ ಮಾತು.”

ಆ ಮನೆಯಲ್ಲಿ ನಾಲ್ಕನೆಯವಳು ಮಗಳು, ಹದಿನಾಲ್ಕು ವರ್ಷದವಳು. ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಚೂಟಿ. ಅವಳು ಶಾಲೆಯಿಂದ ಬಂದು ಅಪ್ಪನ ಪಕ್ಕ ಕೂತು ಪಾಠ ಓದುತ್ತಿದ್ದಳು, ಜೋಕು ಹೇಳುತ್ತಿದ್ದಳು, ಹಾಡುತ್ತಿದ್ದಳು. ಮಾಲಿ ಮಾಡಿನ ಕಡೆ ನೋಡುತ್ತಿದ್ದ.

ಎರಡನೆಯ ವಾರದ ಭಾನುವಾರ ಸೊಸೆ ಬೇರೇನೂ ತೋಚದೆ ತೊಟ್ಟಿಯ ಕೆಲಸಕ್ಕೆ ಕೈ ಹಾಕಿದಳು. ವರ್ಷವರ್ಷ ನೋಡಿದ್ದಳಷ್ಟೇ, ಮಾಡಿದವಳಲ್ಲ. ಸತ್ತ ಹೂಗಿಡಗಳನ್ನು ಕಿತ್ತು, ಮಾರುಕಟ್ಟೆಯಿಂದ ತಂದ ಪೈನ್ ಕೊಂಬೆಗಳನ್ನು ನಡುವೆ ಸಾಲಾಗಿ ಚುಚ್ಚಿ, ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. ಪರವಾಗಿಲ್ಲ ಅನ್ನಿಸಿತು.

ಒಳಗಿನಿಂದ ಕೂಗು ಬಂತು. “ಯಾರೇ ಅದು, ಪೊರಕೆ ನೆಟ್ಟಿರೋದು?”

ಸೊಸೆ ಗಕ್ಕನೆ ತಿರುಗಿದಳು. ಕಿಟಕಿಯ ಗಾಜಿನಾಚೆ ಅವಳ ಗಂಡನ ಹಣೆ, ಕಣ್ಣು, ಮೂಗಿನ ತುದಿ ಕಾಣುತ್ತಿದ್ದವು. ಮೂರು ಬೆರಳಿನಷ್ಟು ತಲೆ ಎತ್ತಿದ್ದ.

“ಎಲ್ಲಾ ಒಂದೇ ಎತ್ತರ! ಅದೇನು ಶಾಲೆ ಮಕ್ಕಳ ಸಾಲಾ? ಕಿತ್ತಾಕು. ಬುಡ ಓರೆಯಾಗಿ ಕತ್ತರಿಸು. ಬುಡದ ಒಂದು ಗೇಣು ಸೂಜಿ ಎಲೆ ಎಲ್ಲಾ ಉದುರಿಸಿ ಆಮೇಲೆ ಚುಚ್ಚಬೇಕು.”

“ಹೀಗಾ?” ಎಂದು ಅವಳು ಒಂದನ್ನು ಕತ್ತರಿಸಿ ತೋರಿಸಿದಳು.

“ಹಾಗಲ್ಲ. ನಿನ್ನ ಕೈಗೆ ಇಸ್ತ್ರಿ ಪೆಟ್ಟಿಗೇನೇ ಸರಿ.” ಅಷ್ಟು ಹೇಳಿ ತಲೆ ದಿಂಬಿಗೆ ಬಿತ್ತು.

ಆ ಮಧ್ಯಾಹ್ನ ಅವನು ಗಂಜಿಯ ಜೊತೆ ಒಂದು ಬೇಯಿಸಿದ ಆಲೂಗಡ್ಡೆ ತಿಂದ. ಬೈದು ಬೈದು ಹಸಿವಾಗಿತ್ತೋ ಏನೋ. ಅಡುಗೆಮನೆಯಲ್ಲಿ ಮೂವರು ಹೆಂಗಸರೂ ಖಾಲಿ ತಟ್ಟೆಯನ್ನು ನಡುವೆ ಇಟ್ಟುಕೊಂಡು ನೋಡಿದರು, ಕಳ್ಳಮಾಲು ನೋಡುವವರ ಹಾಗೆ.

ಚೂಟಿಯೇ ಮೊದಲು ಬಾಯಿಬಿಟ್ಟಳು. “ಅಮ್ಮಾ, ಮಲಗಿದ್ರೆ ಅಪ್ಪಂಗೆ ಕೊಂಬೆ ತುದಿ ಮಾತ್ರ ಕಾಣುತ್ತೆ. ನಾನು ಮಂಚದ ಮೇಲೆ ಮಲಗಿ ನೋಡಿದೀನಿ. ನಡುಭಾಗ ಕಾಣಬೇಕು ಅಂದ್ರೆ ಮೊಣಕೈ ಊರಬೇಕು. ತೊಟ್ಟಿ ಅಂಚು ಕಾಣಬೇಕು ಅಂದ್ರೆ ಎದ್ದು ಕೂರಲೇಬೇಕು.”

“ಅದಕ್ಕೆ?”

“ತುದೀನ ಸರಿ ಮಾಡೋಣ. ತಪ್ಪನ್ನ ದಿನಾ ಒಂದೊಂದು ಬೆರಳು ಕೆಳಗಿಳಿಸೋಣ.”

ಸೊಸೆ ಮಗಳ ಮುಖವನ್ನೇ ನೋಡಿದಳು. ಅತ್ತೆ ಪಾತ್ರೆ ತಿಕ್ಕುತ್ತ, “ನನ್ನ ಮಗನಿಗೆ ಮೋಸ ಮಾಡೋ ಮಾತು ನನ್ನ ಕಿವಿಗೆ ಬಿದ್ದಿಲ್ಲ” ಎಂದಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ಅಂದಿನಿಂದ ತೊಟ್ಟಿ ದಿನಕ್ಕೊಂದು ಸಲ ಕೆಡತೊಡಗಿತು. ಕೆಡಿಸುವುದೂ ಸುಲಭವಾಗಿರಲಿಲ್ಲ. ತೀರಾ ಕೆಟ್ಟರೆ ಅನುಮಾನ. ಸ್ವಲ್ಪವೇ ಕೆಟ್ಟರೆ ಅವನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಚೂಟಿ ಶಾಲೆಯಿಂದ ಬಂದವಳೇ ಕೆಂಪು ಕಡ್ಡಿಗಳನ್ನು ಎರಡು, ನಾಲ್ಕು, ಆರು ಎಂದು ಜೋಡಿಯಾಗಿ ನೆಡುವಳು. ಒಳಗಿನಿಂದ, “ಬೆಸ ಸಂಖ್ಯೆ ಕಣೇ! ಮೂರು, ಇಲ್ಲಾ ಐದು!” ಎಂದು ಗದರಿಕೆ ಬರುವುದು.

“ಬೆಸ ಅಂದ್ರೆ ಎಂಟೂ ಬರುತ್ತಾ ಅಪ್ಪಾ?”

“ನಿಮ್ಮ ಮೇಷ್ಟ್ರು ಏನು ಕಲಿಸ್ತಾನೆ ಅಲ್ಲಿ? ಕುರಿ ಎಣಿಸೋದಾ?”

ಮೂರನೆಯ ವಾರ ಮುಗಿಯುವಷ್ಟರಲ್ಲಿ ಮಾಲಿ ಮೊಣಕೈ ಊರಿದ. ಪೈನ್ ಕಾಯಿಗಳನ್ನು ತಂತಿಯಿಂದ ಕಟ್ಟದೆ ಕೊಂಬೆಯ ಬುಡಕ್ಕೆ ಸುಮ್ಮನೆ ಸುರಿದಿದ್ದರು. ಅದನ್ನು ನೋಡಲು ಅವನು ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ, ಎಡಗೈ ಮೇಲೆ ಭಾರ ಹಾಕಿ, ನೂರು ಎಣಿಸುವಷ್ಟು ಹೊತ್ತು ಹಾಗೇ ಇದ್ದ. ಸೊಸೆ ಹೊರಗೆ ತೊಟ್ಟಿಗೆ ನೀರು ಹುಯ್ಯುವ ನೆವದಲ್ಲಿ ನೋಡಿದಳು. ಅವಳ ಕೈಯಲ್ಲಿದ್ದ ತಂಬಿಗೆ ವಾಲಿ ನೀರು ಅವಳ ಪಾದಕ್ಕೇ ಚೆಲ್ಲಿತು. ಚಳಿಗೆ ಕಾಲು ಸೆಟೆದರೂ ಅವಳು ಅಲುಗಲಿಲ್ಲ.

ಬೀದಿಯವರಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಅವರು ನಿಂತು ನೋಡುವುದನ್ನು ಬಿಡಲಿಲ್ಲ. ನೋಟ ಮಾತ್ರ ಬದಲಾಯಿತು. ಎದುರುಮನೆಯಾಕೆ ಅತ್ತೆಯನ್ನು ಅಂಗಡಿಯಲ್ಲಿ ಹಿಡಿದು, “ನಿಮ್ಮ ತೊಟ್ಟಿ ಕಾಗೆಗೂಡಿನ ಹಾಗಾಗಿದೆಯಲ್ಲಮ್ಮ. ನಮ್ಮ ಅಂಗಳದ ಪ್ಲಾಸ್ಟಿಕ್ ಹೂವು ಮಿಕ್ಕಿದೆ, ಕಳಿಸಲಾ?” ಎಂದು ಕೇಳಿದಳು. ಅತ್ತೆ ತರಕಾರಿ ಕೊಳ್ಳದೇ ಮನೆಗೆ ಬಂದಳು.

“ಮನೆ ಮರ್ಯಾದೆ ತಗೊಂಡು ಹೋಗಿ ಬೀದೀಲಿ ಇಟ್ಟಿದ್ದೀಯ.”

“ಮರ್ಯಾದೆ ಅನ್ನ ತಿನ್ನಿಸುತ್ತಾ ಅತ್ತೆ? ನಿನ್ನೆ ಅವರು ಎರಡು ತುಂಡು ಬ್ರೆಡ್ ತಿಂದ್ರು.”

“ಇಪ್ಪತ್ತು ವರ್ಷ ಅವನ ಕೈ ನೋಡಿ ಊರೆಲ್ಲ ಹೊಗಳಿತ್ತು. ಅವನ ಹೆಸರಲ್ಲಿ ಇಂಥದ್ದನ್ನ ನಿಲ್ಲಿಸಿದ್ದೀರಲ್ಲ, ತಾಯಿ ಮಗಳು! ನನಗೆ ತಲೆ ಎತ್ತಿ ನಡೆಯೋಕೆ ಆಗ್ತಿಲ್ಲ.”

“ನೀವು ತಲೆ ಎತ್ತದಿದ್ರೂ ಪರವಾಗಿಲ್ಲ. ಅವರು ಎತ್ತಲಿ.”

ಮುದುಕಿ ಒಲೆಯ ಕಡೆ ತಿರುಗಿದಳು. ಅಂದು ಸಾರಿಗೆ ಉಪ್ಪು ಎರಡು ಪಟ್ಟು ಬಿದ್ದಿತ್ತು. ಎಲ್ಲರೂ ನೀರು ಬೆರೆಸಿಕೊಂಡು ಉಂಡರು.

ನಾಲ್ಕನೆಯ ವಾರ ಉದ್ಯಾನದ ಕಾವಲುಗಾರ ಮಾಲಿಯನ್ನು ನೋಡಲು ಬಂದ. ಒಳ್ಳೆಯ ಮನುಷ್ಯ, ಒಳ್ಳೆಯ ಮನುಷ್ಯರ ಹಾಗೆಯೇ ಯೋಚನೆ ಮಾಡದೆ ಮಾತಾಡುವವನು. ಬರುವಾಗ ಒಂದು ಹೊರೆ ಪೈನ್ ಕೊಂಬೆ ಹೊತ್ತು ತಂದಿದ್ದ.

“ಅಣ್ಣಾ, ಪಾರ್ಕಲ್ಲೆಲ್ಲ ನಿಮ್ಮ ತೊಟ್ಟೀದೇ ಮಾತು. ಹೊಸ ಹುಡುಗರು ದಾರಿ ಸುತ್ತು ಹಾಕ್ಕೊಂಡು ಬಂದು ನೋಡಿ ನಗ್ತಾರೆ. ನೀವು ಇಲ್ಲದಿದ್ರೆ ಎಂಥಾ ಗತಿ ಅಂತ.”

ಮಾಲಿ ನಗಲು ನೋಡಿದ. “ಹೇಳಿಕೊಡ್ತಾನೇ ಇದ್ದೀನಪ್ಪ. ಇವರ ತಲೆಗೆ ಹತ್ತಲ್ಲ.”

ಕಾವಲುಗಾರ ಹೋದ ಮೇಲೆ ಎಲ್ಲರೂ ಮುಂದಿನ ಕೋಣೆಯಲ್ಲೇ ಊಟಕ್ಕೆ ಕೂತರು. ಮಾಲಿ ಮೊಣಕೈ ಮೇಲೆ ಇದ್ದ. ಅಂದು ಅವನಾಗಿಯೇ ಚಮಚ ಹಿಡಿದಿದ್ದ.

“ನಾಳೆ ಎಲ್ಲಾ ಕಿತ್ತು ಮೊದಲಿಂದ ಶುರು ಮಾಡಿ,” ಎಂದ. “ಅಂಚಿಂದ. ಬಾಗೋ ಕೊಂಬೆ ಅಂಚಿಗೆ, ನೆಟ್ಟಗಿರೋದು ನಡುವಿಗೆ. ನಾನು ನೋಡ್ತಾ ಇರ್ತೀನಿ. ಪಾರ್ಕಿನವರು ನಗಬಾರದು.”

“ಅವಳು ಮಾಡಲ್ಲ!” ಎಂದಳು ಅತ್ತೆ ಇದ್ದಕ್ಕಿದ್ದ ಹಾಗೆ. ತಟ್ಟೆ ಕೆಳಗಿಟ್ಟಳು. “ನೀನು ಇಷ್ಟು ಚೆನ್ನಾಗಿ ಹೇಳಿದ್ರೂ ಅವಳು ಮಾಡಲ್ಲ ಕಣೋ. ಬೇಕಂತಲೇ ತಪ್ಪು ಮಾಡ್ತಾರೆ ಇಬ್ಬರೂ. ನೀನು ಕೂಗಿದ್ರೆ ಒಳಗೆ ಬಂದು, ಇವತ್ತು ಎಷ್ಟು ಎದ್ದ ಅಂತ ಬೆರಳಲ್ಲಿ ಅಳೀತಾರೆ. ಊರು ನಗೋದು ನನಗೆ ಸಾಕಾಯ್ತಪ್ಪ.”

ಚೂಟಿಯ ಕೈಯಲ್ಲಿ ತುತ್ತು ನಿಂತಿತು.

“ಹೌದೇನೇ?” ಎಂದು ಮಾಲಿ ಮಗಳನ್ನು ಕೇಳಿದ. ಹೆಂಡತಿಯನ್ನು ಕೇಳಲಿಲ್ಲ.

“ಡಾಕ್ಟ್ರು ಹೇಳಿದ್ರು ಅಪ್ಪಾ... ನೀನು ಎದ್ದು ಕೂತ್ರೆ...”

ಅವನು ಚಮಚವನ್ನು ಬಟ್ಟಲಿನೊಳಗೆ ಇಟ್ಟ. ಮೊಣಕೈಯನ್ನು ನಿಧಾನವಾಗಿ ಸರಿಸಿ ದಿಂಬಿಗೆ ಇಳಿದ.

“ಪರದೆ ಎಳಿ,” ಎಂದ.

ಮರುದಿನದಿಂದ ಪರದೆ ತೆರೆಯಲಿಲ್ಲ. ಸೊಸೆ ಬೇಡಿಕೊಂಡಳು, ಅತ್ತಳು, ಕೊನೆಗೆ ರೇಗಿದಳು. “ತಪ್ಪಾಯ್ತು ಅಂದೆನಲ್ಲ. ಇನ್ನೇನು ಮಾಡಲಿ?”

“ನಾನು ಕೋತಿ ಏನೇ?” ಎಂದು ಅವನು ಗೋಡೆಗೆ ಹೇಳಿದ. “ಕೋಲು ಆಡಿಸಿದ್ರೆ ಲಾಗ ಹಾಕೋಕೆ?”

ಎರಡು ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಕೆಮ್ಮು ಶುರುವಾಯಿತು. ಒಣಕೆಮ್ಮಲ್ಲ, ಮಡಕೆಯ ತಳದಲ್ಲಿ ನೀರು ಗುಳುಗುಟ್ಟುವಂಥದ್ದು. ಅತ್ತೆ ಚಮಚ ಹಿಡಿದು ಅವನ ತುಟಿಗೆ ಒತ್ತಿ ಒತ್ತಿ ಗಂಜಿಯೆಲ್ಲ ಅವನ ಗಡ್ಡಕ್ಕೆ ಇಳಿದಾಗ, ಚಮಚ ಬಿಸಾಡಿ ಅಡುಗೆಮನೆಗೆ ಬಂದು ಗೋಡೆಗೆ ಹಣೆ ಕೊಟ್ಟು ನಿಂತಳು.

“ನಾಲಿಗೆ ತಡೀಲಿಲ್ಲ ಅಲ್ವಾ ನಿಮಗೆ?” ಎಂದಳು ಸೊಸೆ. “ಇನ್ನೊಂದು ವಾರ ಸುಮ್ಮನಿದ್ದಿದ್ರೆ ಕೂತುಬಿಡ್ತಿದ್ರು.”

“ಅವನು ನನ್ನ ಮಗ ಕಣೇ!”

“ನನಗೇನು ದಾರೀಲಿ ಸಿಕ್ಕವರಾ?”

ಇಬ್ಬರೂ ಆಮೇಲೆ ಒಬ್ಬರನ್ನೊಬ್ಬರು ನೋಡದೆ ಒಂದೇ ಒಲೆಯ ಮುಂದೆ ಕೆಲಸ ಮಾಡಿದರು. ಚೂಟಿ ಇಬ್ಬರ ನಡುವೆ ಉಪ್ಪು, ನೀರು, ಮಾತು ಸಾಗಿಸಿದಳು. “ಅಜ್ಜಿ, ಅಮ್ಮ ಬಿಸಿನೀರು ಕೇಳ್ತಿದ್ದಾರೆ.” “ಅಮ್ಮಾ, ಅಜ್ಜಿ ಒಲೆ ಮೇಲಿದೆ ಅಂತಿದ್ದಾರೆ.” ಮೂರು ಹೆಜ್ಜೆ ಉದ್ದದ ಅಡುಗೆಮನೆ ಅದು.

ಡಾಕ್ಟರು ಮನೆಗೇ ಬಂದು ಎದೆಗೆ ಕಿವಿಗೊಟ್ಟು ಕೇಳಿ, ಔಷಧಿ ಬರೆದರು. ಅಂಗಳಕ್ಕೆ ಬಂದ ಮೇಲೆ ಸೊಸೆಗೆ, “ಔಷಧಿ ಒಂದರಿಂದಲೇ ಇದು ಕರಗಲ್ಲ. ಬೆನ್ನು ನೇರ ಆಗಬೇಕು. ಯಾರಾದರೂ ಹಿಡಿದುಕೊಂಡಾದ್ರೂ ಸರಿ, ದಿನಾ ಕೂರಿಸಿ,” ಎಂದರು. “ಎತ್ತೋಕೆ ಹೋದ್ರೆ ಮೈ ಸೆಟೆದುಕೊಳ್ತಾರೆ, ಬಿಡು ಬಿಡು ಅಂತ ಕಿರುಚ್ತಾರೆ ಡಾಕ್ಟ್ರೇ,” ಎಂದಳು ಅವಳು. ಡಾಕ್ಟರು ತೊಟ್ಟಿಯ ಕಡೆ ನೋಡಿದರು, ಅವಳ ಕಡೆ ನೋಡಿದರು, ಚೀಲ ಎತ್ತಿಕೊಂಡು ಹೋದರು.

ರಜೆಯ ಹಿಂದಿನ ದಿನ ಸೊಸೆ ಕೆಲಸಕ್ಕೆ ಹೋಗಲಿಲ್ಲ. ಹೋಟೆಲುಗಳೆಲ್ಲ ತುಂಬುವ ದಿನ. ಹೋಗದಿದ್ದರೆ ಮೇಸ್ತ್ರಿ ಸುಮ್ಮನೆ ಬಿಡುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಟ್ಟೆ ಒಗೆಯುವ ದೊಡ್ಡ ತಗಡಿನ ಬಾನಿಯನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು. ಈ ವಾರದ ಚಳಿಗೆ ಕಲ್ಲುತೊಟ್ಟಿಯ ಮಣ್ಣು ಹೆಪ್ಪುಗಟ್ಟಿ ಕಲ್ಲಿಗಿಂತ ಕಲ್ಲಾಗಿತ್ತು. ತಾವು ಬೇಕೆಂದೇ ಸೊಟ್ಟ ನೆಟ್ಟ ಕೊಂಬೆಗಳೆಲ್ಲ ಸೊಟ್ಟಗೇ ಕಚ್ಚಿಕೊಂಡು ನಿಂತಿದ್ದವು. ಎಳೆದರೆ ಬರಲಿಲ್ಲ. ಹಾರೆ ತಂದು ಕುಟ್ಟಿದಳು. ಕಿಡಿ ಹಾರಿತೇ ಹೊರತು ಮಣ್ಣು ಬಿಡಲಿಲ್ಲ.

“ಬಿಸಿನೀರು ಹುಯ್ಯಬೇಕು,” ಎಂದಿತು ಹಿಂದಿನಿಂದ ಒಂದು ಧ್ವನಿ. ಅತ್ತೆ ಕುದಿಯುವ ನೀರಿನ ಹಂಡೆಯನ್ನು ಚೂಟಿಯ ಜೊತೆ ಹಿಡಿದು ತಂದಿದ್ದಳು. “ಅವರು ಪರದೆ ತೆಗೆಯಲ್ಲ, ತೊಟ್ಟೀನೇ ಒಳಗೆ ಒಯ್ಯೋಣ,” ಎಂದಳು ಸೊಸೆ.

ಹಂಡೆಯ ಮೇಲೆ ಹಂಡೆ ನೀರು ಹುಯ್ದು, ಹಾರೆಯಿಂದ ಮೀಟಿ, ಬಾನಿ ಅರ್ಧ ತುಂಬುವಷ್ಟು ಕೆಸರುಮಣ್ಣು ಕಿತ್ತರು. ಮೂವರೂ ಸೇರಿ ಒಳಗೆ ತಂದರು. ದಿನಕ್ಕೆ ಮುನ್ನೂರು ಹಾಸು ಬೆಳ್ಳಗೆ ಮಾಡುವವಳು ಗಂಡನ ಹಾಸಿಗೆಯ ಮೇಲೆ ಕೆಸರು ತಂದಿಟ್ಟಳು.

“ಏನೇ ಇದು?” ಎಂದ ಮಾಲಿ. ಕೆಮ್ಮು ಬಂತು.

ಅವಳು ಉತ್ತರ ಕೊಡದೆ ಅವನ ಕಂಕುಳಿಗೆ ಕೈ ಹಾಕಿದಳು. “ಬಿಡು, ಬಿಡು ಅಂದ್ನಲ್ಲ!” ಎಂದು ಅವನು ಸೆಟೆದುಕೊಂಡ. ಆದರೆ ಸೆಟೆಯುವುದಕ್ಕೂ ಈಗ ಕಸುವಿರಲಿಲ್ಲ. ಒದ್ದೆ ಹಾಸುಬಟ್ಟೆಯ ಗಂಟಿಗಿಂತ ಹಗುರವಾಗಿದ್ದ.

“ಹಿಂದೆ ಏನಾದರೂ ಕೊಡೇ, ದಿಂಬು ಸಾಲಲ್ಲ,” ಎಂದಳು ಮಗಳಿಗೆ.

ಅತ್ತೆ ಮಂಚ ಹತ್ತಿದಳು. ಮಗನ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಮೊಣಕಾಲು ಮಡಚಿ ಕೂತಳು. “ಇಡು ಅವನ ಮುಂದೆ,” ಎಂದಳು.

ಅವನ ತೊಡೆಯ ಎರಡೂ ಕಡೆ ಇಟ್ಟಿಗೆ ಇಟ್ಟು ಅದರ ಮೇಲೆ ಬಾನಿ ನಿಲ್ಲಿಸಿದರು. ಸೊಸೆ ಕಾವಲುಗಾರ ತಂದಿದ್ದ ಕೊಂಬೆಗಳನ್ನು ಒಂದೊಂದಾಗಿ ಕತ್ತರಿಸಿ ಚುಚ್ಚತೊಡಗಿದಳು. ಓರೆಯಾಗಿ ಕತ್ತರಿಸಿದಳು, ಒಂದು ಗೇಣು ಸೂಜಿ ಉದುರಿಸಿದಳು, ಅಂಚಿನಿಂದ ಶುರು ಮಾಡಿದಳು. ಒಮ್ಮೆ ನೆಟ್ಟದ್ದನ್ನು ಹಿಂದೆ ಸರಿದು ನೋಡಿ, ಕಿತ್ತು ಮತ್ತೆ ನೆಟ್ಟಳು. ಮಾಲಿ ಕಣ್ಣು ಮುಚ್ಚಿಕೊಂಡಿದ್ದ. ಕಾಲು ಗಂಟೆ ಕಳೆಯಿತು. ಕೆಸರಿನ ಹನಿಯೊಂದು ಅವನ ಕೈ ಮೇಲೆ ಬಿತ್ತು. ಅವನು ಕಣ್ಣು ತೆರೆದ.

ಬಾನಿಯ ಕಡೆ ನೋಡಿದ. “ಇದೂ ಬೇಕಂತಲೇ ಮಾಡಿದ್ದಾ?”

“ಇಲ್ಲ ರೀ.” ಅವಳ ಮೂಗಿನಿಂದ ನೀರು ಇಳಿಯುತ್ತಿತ್ತು, ಕೈಯೆಲ್ಲ ಕೆಸರು, ಒರೆಸಿಕೊಳ್ಳಲು ಆಗುತ್ತಿರಲಿಲ್ಲ. “ನನಗೆ ಬರೋದೇ ಇಷ್ಟು.”

“ಹೌದು,” ಎಂದ ಅವನು. “ಇಷ್ಟು ಕೆಟ್ಟದಾಗಿ ಬೇಕಂತ ಮಾಡೋಕೆ ಯಾರಿಗೂ ಆಗಲ್ಲ.”

ಕೆಮ್ಮು ಬಂದು ಬಾನಿಯೆಲ್ಲ ಅಲುಗಿತು. ನಿಂತ ಮೇಲೂ ಅವನ ಎದೆ ಗುಳುಗುಳು ಎನ್ನುತ್ತಿತ್ತು. ಮೆಲ್ಲನೆ ಬಲಗೈ ಚಾಚಿ, ನಡುವಿನ ಕೊಂಬೆಯನ್ನು ಹಿಡಿದು ಎಳೆದ.

ಆಗಲೇ ಮಂಚ ಕಿರುಗುಟ್ಟಿತು. ಅತ್ತೆಯ ಪಾದ ಹಾಸಿಗೆಯ ಮೇಲೆ ಜಾರುತ್ತಿತ್ತು. ಅವಳು ತುಟಿ ಕಚ್ಚಿ, ಎರಡೂ ಕೈ ಊರಿ, ಎಪ್ಪತ್ತು ದಾಟಿದ ಬೆನ್ನನ್ನು ಹಿಂದಕ್ಕೆ ಒತ್ತುತ್ತಿದ್ದಳು. ಅವಳ ಜೊತೆ ಮಾಲಿಯೂ ಒಂದಿಷ್ಟು ಹಿಂದಕ್ಕೆ ವಾಲಿದ. ಸೊಸೆ ಬಾನಿ ಬಿಟ್ಟು ಓಡಿಬಂದು ಮಂಚದ ತಲೆದಿಂಬಿನ ತುದಿಗೆ ಹತ್ತಿ, ಗೋಡೆಗೆ ಬೆನ್ನು ಕೊಟ್ಟು, ಅತ್ತೆಯ ಪಾದಗಳಿಗೆ ತನ್ನ ಪಾದ ತಾಗಿಸಿ ಒತ್ತಿ ಹಿಡಿದಳು. ಕೆಸರು ಕೈಯಿಂದಲೇ ಅವಳ ಎರಡೂ ಭುಜ ಹಿಡಿದಳು. ವಾಲಿದ್ದು ನಿಂತಿತು.

ಇಬ್ಬರೂ ಎದುರುಬದುರು. ವಾರದ ನಂತರ ಒಬ್ಬರ ಮುಖ ಒಬ್ಬರಿಗೆ ಗೇಣು ದೂರದಲ್ಲಿತ್ತು. ಅತ್ತೆಯ ತಲೆ ಅಡ್ಡ ಬಂದು ಸೊಸೆಗೆ ಗಂಡನ ಕೈ ಕಾಣುತ್ತಿರಲಿಲ್ಲ.

“ಚೂಟೀ, ಏನು ಮಾಡ್ತಿದ್ದಾರೆ?”

“ಎಲ್ಲಾ ಕಿತ್ತಾಕಿದ್ರು.”

ಸೊಸೆ ಕಣ್ಣು ಮುಚ್ಚಿದಳು. “ಆಮೇಲೆ?”

“ಸುಮ್ಮನೆ ಕೂತಿದ್ದಾರೆ.”

ಮುದುಕಿಯ ಉಸಿರು ಸೊಸೆಯ ಮುಖಕ್ಕೆ ಬಡಿಯುತ್ತಿತ್ತು. “ಆಗುತ್ತಾ ಅತ್ತೆ? ಸಾಕು ಅನ್ನಿಸಿದ್ರೆ ಹೇಳಿ, ಮಲಗಿಸೋಣ.”

“ನೀನು ಗಟ್ಟಿಯಾಗಿ ಹಿಡಿ. ಮಾತು ಬೇಡ.”

ಬಾನಿಯಲ್ಲಿ ಏನೋ ಚುಚ್ಚಿದ ಸದ್ದಾಯಿತು.

“ಅಂಚಿಗೆ ಒಂದು ನೆಟ್ರು,” ಎಂದಳು ಚೂಟಿ. “ಕೈ ನಡುಗ್ತಿದೆ. ಇನ್ನೊಂದು ತಗೊಂಡ್ರು. ಉಸಿರು ಎಳ್ಕೊಳ್ತಿದ್ದಾರೆ... ಅದನ್ನೂ ನೆಟ್ರು. ಅಮ್ಮಾ, ಆ ಕಡೆ ಅಂಚು ಅಪ್ಪಂಗೆ ಎಟುಕ್ತಿಲ್ಲ. ಬಾನಿ ತಿರುಗಿಸು ಅಂತ ಸನ್ನೆ ಮಾಡ್ತಿದ್ದಾರೆ.”

“ತಿರುಗಿಸೇ ಮತ್ತೆ!” ಎಂದು ಇಬ್ಬರೂ ಹೆಂಗಸರು ಒಟ್ಟಿಗೇ ಕೂಗಿದರು.